‘ವಿಧವೆ’ ಎಂಬ ಶಬ್ದದ ಬಳಗ

ನಾವು ಪಾಠಶಾಲೆಯಲ್ಲಿದ್ದಾಗ ಸಂಸ್ಕೃತಪಾಠದಲ್ಲಿ ಒಮ್ಮೆ ‘ವಿಧವಾ’ ಎಂಬ ಶಬ್ದವು ಬಂದಿತು. ‘ಧವ’ನೆಂದರೆ ಪತಿ, ಅವನಿಲ್ಲದವಳೇ ವಿಧವೆ ಎಂದು ಉಪಾಧ್ಯಾಯರು ಬಿಡಿಸಿ ಹೇಳಿದರು. ನಮ್ಮ ಮಗ್ಗುಲಲ್ಲಿದ್ದ ಗೆಳತಿಯು ತಲೆ ತಗ್ಗಿಸಿದಳು. ಅವಳ ತಂದೆಯವರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ‘ಇಲ್ಲದವಳು’ ಎಂಬ ಆ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಬಹುಕಾಲದ ಮೇಲೆ ಭಾಷಾಶಾಸ್ತ್ರದ ಗ್ರಂಥಗಳನ್ನು ಓದುವಾಗ ಆ ಶಬ್ದದ ಬಳಗವನ್ನು ದೂರದೇಶಗಳಲ್ಲಿ ಕಂಡೆವು. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್ ಮೊದಲಾದವುಗಳಿಗೆ ತಾಯಿಯಾದ ಮೂಲ ಸ್ಲಾವ್ ಭಾಷೆಯ ಬರಹವೊಂದೂ ಉಳಿದಿಲ್ಲ. ಮಕ್ಕಳ ಮುಖಗಳನ್ನು ನೋಡಿ ತಾಯಿಯ ಮುಖವನ್ನು ಊಹಿಸುವಂತೆ ಪಂಡಿತರು ಅದರ ಶಬ್ದಗಳನ್ನು ಪುನಾರಚಿಸಿ, ಊಹಿತವೆಂಬುದರ ಗುರುತಾಗಿ ನಕ್ಷತ್ರಚಿಹ್ನೆಯನ್ನಿಡುವರು. ಹಾಗೆ ದೊರೆತುದೇ *ವಿದೊವಾ. ಅದರ ಮೊದಲ ಸ್ವರವು ಅತಿಹ್ರಸ್ವ. ಅದು ಸವೆದುಹೋಗಲು ರಷ್ಯನ್, ಪೋಲಿಷ್, ಚೆಕ್ ಭಾಷೆಗಳಲ್ಲಿ ‘ವ್ದೊವಾ’ ಎಂದಾಯಿತು. ಸರ್ಬಿಯನ್ನಿನಲ್ಲಿ ಆದಿಯು ಉಕಾರವಾಗಿ, ಪ್ರತ್ಯಯವೊಂದು ಸೇರಿ ‘ಉದೊವಿತ್ಸ’ ಎಂದಾಯಿತು. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರು 863ರಲ್ಲಿ ಮೊರಾವಿಯಕ್ಕೆ ತೆರಳಿದ ಕಾಲದಿಂದ ಬೆಳೆದುಬಂದ ಸ್ಲಾವ್ ಸುವಾರ್ತೆಯಲ್ಲಿ, ಎರಡು ಕಾಸುಗಳನ್ನು ಹಾಕಿದ ಬಡವಿಯು ‘ವಿದೊವಿತ್ಸಾ’. ನಮ್ಮ ಸತ್ಯವೇದದಲ್ಲಿ ಅವಳೇ ‘ವಿಧವೆ’.

ಹೆಸರುಗಳ ಈ ಹೋಲಿಕೆ ಆಕಸ್ಮಿಕವಲ್ಲ. ಸಂಸ್ಕೃತಕ್ಕೂ ಸ್ಲಾವ್ ಭಾಷೆಗಳಿಗೂ ಮೂಲವು ಒಂದೇ. ಲ್ಯಾಟಿನಿನ ‘ವಿದುವಾ’, ಇಂಗ್ಲಿಷಿನ ‘ವಿಡೋ’ಗಳೂ ಅದೇ ಕುಲದವು. ಇವೆಲ್ಲಕ್ಕೂ ಬೇರಾದ ಧಾತುವಿಗೆ ‘ಬೇರ್ಪಡಿಸು’ ಎಂದು ಅರ್ಥ. ಇಲ್ಲಿಯ ‘ವಿ’ ಉಪಸರ್ಗವೇ ಅಲ್ಲ. ‘ವಿಧವಾ’ ಶಬ್ದವನ್ನು ತಪ್ಪಾಗಿ ಒಡೆದುದರಿಂದಲೇ ‘ಧವ’ ಹುಟ್ಟಿತೆಂಬುದು ವಿದ್ವಾಂಸರ ಮತ. ಎಂದರೆ ಪತಿಯ ಹೆಸರಿನಿಂದ ವಿಧವೆಗೆ ಹೆಸರು ಬಂದುದಲ್ಲ. ಅವಳ ಹೆಸರಿನಿಂದಲೇ ಅವನಿಗೊಂದು ಹೆಸರು ದೊರೆಯಿತು! ಪತ್ನಿಯನ್ನು ಕಳೆದುಕೊಂಡವನಿಗೆ ಸ್ಲಾವ್ ಭಾಷೆಗಳಲ್ಲಿರುವ ‘ವ್ದೊವೆತ್ಸ್’ ಎಂಬ ಹೆಸರೂ ಸ್ತ್ರೀಶಬ್ದದಿಂದಲೇ ಬೆಳೆದುದು. ಅಗಲಿಕೆಯು ಇಬ್ಬರಿಗೂ ಒದಗುವುದಾದರೂ ಅದರ ಗುರುತು ಮೊದಲು ಬಿದ್ದುದು ಹೆಣ್ಣಿನ ಮೇಲೆ ಎಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಆದರೂ ಆ ಹಳೆಯ ಶಬ್ದವು ಅವಳನ್ನು ‘ಇಲ್ಲದವಳು’ ಎನ್ನಲಿಲ್ಲ, ‘ಅಗಲಿಸಲ್ಪಟ್ಟವಳು’ ಎಂದಿತು. ಮೊದಲನೆಯದು ಕೊರತೆಯ ಹೆಸರು. ಎರಡನೆಯದು ದುಃಖದ ಹೆಸರು. ದುಃಖದಲ್ಲಿ ಅಪಮಾನವೇನಿದೆ? ಗೆಳತಿಯ ತಾಯಿಯವರು ಹಗಲಿರುಳು ಬಟ್ಟೆ ಹೊಲಿದು ಮಗಳನ್ನು ಓದಿಸಿದವರು. ಇದನ್ನೆಲ್ಲ ನಾವು ಗೆಳತಿಗೆ ಬರೆದು ತಿಳಿಸಿದೆವು. ಅವಳ ಉತ್ತರದಲ್ಲಿ ಒಂದೇ ಸಾಲು ಇತ್ತು: “ಅಮ್ಮನಿಗೆ ಓದಿ ಹೇಳಿದೆನು, ಇನ್ನೊಮ್ಮೆ ಓದೆಂದರು.”

ಪ್ರಿಯ ಸೋದರಿಯರೇ, ಶಬ್ದವನ್ನು ಒಡೆಯುವಾಗ ಪಕ್ಕದಲ್ಲಿ ಕುಳಿತವರ ಮುಖವನ್ನೂ ನೋಡಿರಿ.