ಹೊನ್ನಾರು ಹೂಡದ ಹೊಲ

ಅರವತ್ತು ತುಂಬಿದವರಿಗೆ ಹಾರ ಹಾಕಿ, ಕೈಗೆ ಜಪಮಣಿಯಿತ್ತು ಜಗಲಿಯಲ್ಲಿ ಕೂಡಿಸುವುದು ಪಟ್ಟಣದ ಪದ್ಧತಿ. ದುಡಿಮೆ ಮುಗಿದ ಮೇಲೆ ದೇವರು ಎಂಬುದು ಅಲ್ಲಿಯ ಲೆಕ್ಕ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಯ ಹಿರಿಯರು ಇವೆರಡನ್ನು ಹಾಗೆ ಬೇರ್ಪಡಿಸಿದವರಲ್ಲ. ಶಿರಾ ಕಡೆಯ ಕಾಡುಗೊಲ್ಲರ ದೈವ ಜುಂಜಪ್ಪನೇ ದನ ಕಾಯ್ದವನು. ಅವನ ಕಥೆಗೆ ಜೊತೆಯಾಗುವ ಗಣೆಯೆಂಬ ನೀಳ ಕೊಳಲು ಕಾಡಿನ ಬಿದಿರಿನದು.

ಗೊರವನಹಳ್ಳಿಯ ಲಕ್ಷ್ಮಿಗೂ ಮಧುಗಿರಿಯ ದಂಡಿನ ಮಾರಮ್ಮನಿಗೂ ಪಾವಗಡದ ಶನಿಮಹಾತ್ಮನಿಗೂ ನಡೆದುಕೊಳ್ಳುವವರು ಅಸಂಖ್ಯ. ಆದರೆ ಒಕ್ಕಲಿಗನ ನಿತ್ಯದ ದೇವರು ಹೊಲದಲ್ಲಿಯೇ ಇದ್ದಾನೆ. ಯುಗಾದಿಯ ವೇಳೆಗೆ ನೇಗಿಲಿಗೂ ಎತ್ತಿಗೂ ಪೂಜೆ ಮಾಡಿ ಹೊನ್ನಾರು ಹೂಡಬೇಕು; ಸುಗ್ಗಿಯಲ್ಲಿ ರಾಶಿಗೆ ಕೈಮುಗಿದು, ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದೇ ಅಳೆಯಬೇಕು. ಇದರಲ್ಲಿ ಪೂಜೆಯೆಷ್ಟು, ಕೆಲಸವೆಷ್ಟು ಎಂದು ಬಿಡಿಸಿ ಹೇಳಬಲ್ಲ ಪಂಡಿತನಾರು?

ಪಾವಗಡದ ತಿರುಮಣಿಯ ಸುತ್ತಿನ ಐದು ಊರುಗಳಲ್ಲಿ ಈ ಕ್ರಮ ಬಹುಮಟ್ಟಿಗೆ ನಿಂತಿತು. ಅಲ್ಲಿ ಸುಮಾರು 13,000 ಎಕರೆಯ ಮೇಲೆ ಸೂರ್ಯಶಕ್ತಿಯಿಂದ ವಿದ್ಯುತ್ತು ತೆಗೆಯುವ ಫಲಕಗಳು ಹರಡಿಕೊಂಡಿವೆ. 2018ರಲ್ಲಿ ಆರಂಭವಾದ ಈ ಸ್ಥಾವರದ ಸಾಮರ್ಥ್ಯ 2,050 ಮೆಗಾವಾಟ್. ರೈತರು ಭೂಮಿಯನ್ನು ಮಾರಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗುವ ಬಾಡಿಗೆಗೆ 28 ವರ್ಷ ಕೊಟ್ಟರು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಬಿತ್ತಿದ ಬೀಜವೂ ಕೈಗೆ ಬಾರದ ಬರಗಾಲಗಳನ್ನು ಕಂಡವರು ಅವರು. ಅವರನ್ನು ತಪ್ಪೆನ್ನುವುದು ನೆರಳಲ್ಲಿ ಕುಳಿತವರಿಗೆ ಮಾತ್ರ ಸುಲಭ. ಬೆಳಗಾಗೆದ್ದು ಕೈಮುಗಿದ ಸೂರ್ಯನಾರಾಯಣನೇ ಈಗ ಬಾಡಿಗೆ ಕೊಡಿಸುತ್ತಿದ್ದಾನೆಂದರೂ ಸಲ್ಲುತ್ತದೆ.

ಆದರೂ ಅರವತ್ತರಲ್ಲಿ ಕರಾರಿಗೆ ಹೆಬ್ಬೆಟ್ಟು ಒತ್ತಿದವನಿಗೆ ಹೊಲ ಮರಳುವುದು ಎಂಬತ್ತೆಂಟಕ್ಕೆ. ಯುಗಾದಿ ವರ್ಷವರ್ಷವೂ ಬರುತ್ತದೆ. ಅಂದು ಅವನು ಎಲ್ಲಿ ಹೊನ್ನಾರು ಹೂಡಬೇಕು? ಬ್ಯಾಂಕಿನ ಪುಸ್ತಕಕ್ಕೆ ಎಡೆಯಿಡುವ ಶಾಸ್ತ್ರ ಇನ್ನೂ ಹುಟ್ಟಿಲ್ಲ.

ಅವನಿಗೆ ಬಾಡಿಗೆಯಾದರೂ ಉಂಟು. ಪರರ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದ ಭೂಹೀನ ಮುದುಕಿಗೆ ಅದೂ ಇಲ್ಲ. 65 ತುಂಬಿದ ಬಡವರಿಗೆ ಸರಕಾರದ ಸಂಧ್ಯಾ ಸುರಕ್ಷೆಯ ಮಾಸಾಶನ 2007ರಿಂದ ಇದೆ, ನಿಜ. ಅದು ಗಂಜಿಯ ಮಾತಾಯಿತು. ಬಿತ್ತನೆಯ ದಿನ ಮಡಿಲಲ್ಲಿ ಬೀಜ ಕಟ್ಟಿಕೊಂಡು ಸಾಲಿನ ಹಿಂದೆ ನಡೆಯುವಾಗ ಅವಳಿಗಿದ್ದ ಸ್ಥಾನವನ್ನು ಯಾವ ಮಾಸಾಶನವೂ ತರಲಾರದು. ಫಲಕಗಳ ಧೂಳು ತೊಳೆಯುವ, ಅಡಿಯ ಹುಲ್ಲು ತೆಗೆಯುವ ಕೂಲಿ ಕೆಲವರಿಗೆ ದೊರೆತಿದೆ. ಎಪ್ಪತ್ತು ದಾಟಿದವಳನ್ನು ಅದಕ್ಕೆ ಯಾರು ಕರೆದಾರು?