ಎಡಗಿವಿ ಅಲ್ಲಾಡಿಸು

ಟ್ರಂಪೆಟ್‌ನಲ್ಲಿ ಕೆಳಗಿನ ಸ್ವರಗಳು ಚೆನ್ನಾಗಿ ಬರ್ತಿಲ್ಲ, ಏನು ಮಾಡ್ಲಿ ಅಂತ ಹುಡುಗನೊಬ್ಬ ಹಿರಿಯ ವಾದಕನನ್ನು ಕೇಳಿದ. "ಕನ್ನಡಿ ಮುಂದೆ ಕೂತು, ಹಲ್ಲು ಕಚ್ಚಿ, ಎಡಗಿವಿ ಅಲ್ಲಾಡಿಸು" ಅನ್ನೋ ಅರ್ಥದ ಉತ್ತರ ಬಂತು. ಪಾಪ, ಹುಡುಗ ನಂಬಿಬಿಟ್ಟ.

ಅವನೇ ಕ್ಲಾರ್ಕ್ ಟೆರ್ರಿ. 1920ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವನು. ದುಡ್ಡಿಲ್ಲದೆ, ತೋಟಕ್ಕೆ ನೀರು ಬಿಡೋ ಪೈಪನ್ನು ಸುತ್ತಿ, ತುದಿಗೆ ಸೀಮೆಎಣ್ಣೆ ಆಲಿಕೆ ಸಿಕ್ಕಿಸಿ ತಾನೇ ಟ್ರಂಪೆಟ್ ಮಾಡಿಕೊಂಡಿದ್ದ. ಆ ಸದ್ದು ತಾಳಲಾರದೆ ನೆರೆಹೊರೆಯವರೇ ಚಂದಾ ಎತ್ತಿ, ಗಿರವಿ ಅಂಗಡಿಯಿಂದ ಹನ್ನೆರಡೂವರೆ ಡಾಲರಿಗೆ ನಿಜವಾದದ್ದೊಂದು ಕೊಡಿಸಿದರು!

ಮುಂದೆ ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ತಂಡಗಳು, ಎನ್‌ಬಿಸಿಯ ಟಿವಿ ಬ್ಯಾಂಡು... ಅದೆಲ್ಲ ದೊಡ್ಡ ಕಥೆ. ನನಗೆ ಅಂಟಿಕೊಂಡಿದ್ದು ಬೇರೆ. ಆ ಕಿವಿಯ ಪ್ರಸಂಗದ ನಂತರ, ಕೇಳಿ ಬಂದವರಿಗೆ ತಿಳಿದದ್ದನ್ನೆಲ್ಲ ಹೇಳಿಕೊಡ್ತೀನಿ ಅಂತ ಆತ ನಿರ್ಧರಿಸಿದ. ಹದಿಹರೆಯದ ಮೈಲ್ಸ್ ಡೇವಿಸ್ ಮೊದಲ ಸಲ ಎದುರಾದಾಗ ಮಾತ್ರ ಹುಡುಗಿಯರನ್ನು ನೋಡೋ ಗುಂಗಲ್ಲಿ ಅವನನ್ನು ಅಟ್ಟಿದ್ದನಂತೆ. ಆಮೇಲೆ ಅವನಿಗೂ ಗುರುವಾದ. ಕ್ವಿನ್ಸಿ ಜೋನ್ಸ್ ಶಾಲೆಗೆ ಹೋಗೋ ಮುಂಚೆ ಪಾಠಕ್ಕೆ ಬರ್ತಿದ್ದ. ರಾತ್ರಿಯೆಲ್ಲ ನುಡಿಸಿ ಬಂದ ಟೆರ್ರಿ ಆ ಹೊತ್ತಲ್ಲಿ ಎದ್ದು ಕಲಿಸ್ತಿದ್ದ.

ನನ್ನ ಮೊದಲ ಕೆಲಸದಲ್ಲೂ ಒಬ್ಬ ಸೀನಿಯರ್ ಇದ್ದ. ಬಿಲ್ಡ್ ಒಡೀತಿದೆ ಅಂದ್ರೆ "ಡಾಕ್ಯುಮೆಂಟ್ ಓದಮ್ಮ" ಅಂತಿದ್ದ. ಅಂಥದ್ದೊಂದು ಡಾಕ್ಯುಮೆಂಟೇ ಇರಲಿಲ್ಲ! ವಾರವಿಡೀ ಒದ್ದಾಡಿದ ಮೇಲೆ ಗೊತ್ತಾಯ್ತು, ಬದಲಿಸಬೇಕಿದ್ದದ್ದು ಒಂದೇ ಸಾಲು. ಆಗ ಅವನನ್ನು ಎಷ್ಟು ಬೈದುಕೊಂಡಿದ್ದೆ. ಈಗ ನಾನೇ ಸೀನಿಯರ್. ಪಕ್ಕದ ಟೀಮಲ್ಲಿ ಜನರನ್ನು ತೆಗೀತಿದ್ದಾರೆ. ನನ್ನ ತಲೆಯಲ್ಲಿರೋದೆಲ್ಲ ಈ ಹುಡುಗನ ತಲೆಗೂ ಹೋದ್ರೆ ಇವರಿಗೆ ನಾನ್ಯಾಕೆ ಬೇಕು? ನಿಜ ಹೇಳ್ಬೇಕಂದ್ರೆ, ಈ ಲೆಕ್ಕ ದಿನಾ ಹಾಕ್ತೀನಿ.

ಮೊನ್ನೆ ರಾತ್ರಿ ಟೆರ್ರಿ ಬಗ್ಗೆ 2014ರಲ್ಲಿ ಬಂದ 'ಕೀಪ್ ಆನ್ ಕೀಪಿನ್ ಆನ್' ಸಾಕ್ಷ್ಯಚಿತ್ರ ನೋಡಿದೆ. ತೆಗೆದ ಅಲನ್ ಹಿಕ್ಸ್ ಕೂಡ ಅವನ ಶಿಷ್ಯನೇ. ತೊಂಬತ್ತರ ಆಸುಪಾಸಿನ ಮುದುಕ, ಸಕ್ಕರೆ ಕಾಯಿಲೆ ಕಣ್ಣನ್ನೂ ಕಾಲುಗಳನ್ನೂ ಕಿತ್ತುಕೊಳ್ತಿದೆ. ಹಾಸಿಗೆ ಪಕ್ಕದಲ್ಲಿ ಹನ್ನೊಂದನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡ ಪಿಯಾನೋ ವಾದಕ ಜಸ್ಟಿನ್ ಕಾಫ್ಲಿನ್. ಮಧ್ಯರಾತ್ರಿ ದಾಟಿದ್ರೂ ಮುದುಕ ಮಲಗಿದಲ್ಲೇ ಸ್ವರಗಳನ್ನು ಬಾಯಲ್ಲಿ ಹಾಡಿ ತೋರಿಸ್ತಾನೆ, ಹುಡುಗ ನುಡಿಸ್ತಾನೆ, ಮತ್ತೆ ತಿದ್ದಿಸ್ತಾನೆ. ಕೊಟ್ಟರೆ ಖಾಲಿಯಾಗ್ತೀನಿ ಅನ್ನೋ ಭಯ ಆ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಲ್ಯಾಪ್‌ಟಾಪ್ ತೆಗೆದೆ. ನಮ್ಮ ಹುಡುಗ ಸೋಮವಾರ ಕೇಳಿದ್ದ ಪ್ರಶ್ನೆ ಹಾಗೇ ಕೂತಿತ್ತು. ನಾಳೆ ಬೆಳಿಗ್ಗೆ ಒಟ್ಟಿಗೆ ಕೂತು ನೋಡೋಣ ಅಂತ ಬರೆದೆ. ಅಷ್ಟು ಹೊತ್ತಲ್ಲೂ ಎಚ್ಚರವಿದ್ದ.

"ಪರವಾಗಿಲ್ಲ ಮೇಡಂ, ನಾನೇ ಕಂಡುಹಿಡಿದೆ. ಮೂರು ರಾತ್ರಿ ಹಿಡೀತು."