ಕಳೆ ಮಷಿನ್ ರಗಳೆ

17 ಆಗಸ್ಟ್ 2025, ಭಾನುವಾರ, ಮೇಳಿಗೆ

ಬೆಳಿಗ್ಗೆ ಮಳೆ ಹೊಳವಾಗಿತ್ತು. ಎರಡನೇ ಸಲದ ಕೊಳೆ ಔಷಧಿ ಮುಗಿದಿದೆ. ಚೌತಿಯೊಳಗೆ ತೋಟದ ಹುಲ್ಲು ಹೊಡೆಸಿಬಿಡೋಣ ಅಂತ ಭಾವನ ಮನೆಯ ಕಳೆ ಮಷಿನ್ ತರಿಸಿದೆ. ಟೂ ಸ್ಟ್ರೋಕಿನದು. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ, ಆಕ್ಸಲರೇಟರ್ ಕೊಟ್ಟ ಕೂಡಲೇ ನಿಲ್ಲುತ್ತೆ.

ಪ್ಲಗ್ ಬಿಚ್ಚಿದೆ. ಕಿಡಿ ಇದೆ, ತುದಿ ಒಣಗಿದೆ. ಅಂದರೆ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿರಬಹುದು ಅಂತ ಮುಚ್ಚಳ ಸಡಿಲಿಸಿ ನೋಡಿದರೂ ಅದೇ ಕಥೆ. ಏರ್ ಫಿಲ್ಟರಿನ ಸ್ಪಂಜು ತೊಳೆದು ಹಾಕಿದ್ದೇನೆ, ಈ ಹವೆಯಲ್ಲಿ ಅದು ಯಾವಾಗ ಒಣಗುತ್ತೋ.

18, ಸೋಮವಾರ

ಟ್ಯಾಂಕಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಬಸಿದು ಜಗಲಿಯ ಬೆಳಕಿಗಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರ. ಮೇಲೆ ಟೂಟಿ ಆಯಿಲ್ಲಿನ ಹಸಿರು, ತಳದಲ್ಲಿ ಬೆರಳುದ್ದ ಬಣ್ಣವಿಲ್ಲದ ಮಂಕು ನೀರು.

ಭಾವನಿಗೆ ಫೋನ್ ಮಾಡಿದೆ. "ಮೇ ತಿಂಗಳಲ್ಲಿ ಕಲಸಿಟ್ಟಿದ್ದು ಮಾರಾಯ, ಕೊಟ್ಟಿಗೆಯೊಳಗೇ ಇತ್ತಲ್ಲ" ಅಂದರು. ಸಂಜೆ ಹೋಗಿ ನೋಡಿದರೆ ಕ್ಯಾನಿನ ಮುಚ್ಚಳಕ್ಕೆ ವಾಷರ್ ಇಲ್ಲ, ನೇರ ಮೇಲೆ ಹಂಚು ಒಡೆದಿದೆ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ಇದಕ್ಕೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಮಿತಿ ಮೀರಿತೋ, ಎರಡೂ ಸೇರಿ ಪೆಟ್ರೋಲ್ ಬಿಟ್ಟು ತಳಕ್ಕಿಳಿಯುತ್ತವೆ. ಪೈಪಿನ ಫಿಲ್ಟರ್ ಕೂರುವುದೂ ತಳದಲ್ಲೇ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಟೂ ಸ್ಟ್ರೋಕಿಗೆ ಅದೇ ದೊಡ್ಡ ಅಪಾಯ. ಮಷಿನ್ ನಿಂತದ್ದೇ ಒಳ್ಳೆಯದಾಯಿತು. ಹಾಗೇ ಓಡಿದ್ದರೆ ಜಿಡ್ಡಿಲ್ಲದೆ ಪಿಸ್ಟನ್ ಸೀಜ್ ಆಗುತ್ತಿತ್ತು.

20, ಬುಧವಾರ

ತೀರ್ಥಹಳ್ಳಿಗೆ ಹೋಗಿ ಕಾರ್ಬುರೇಟರ್ ಬಿಚ್ಚಿಸಿದೆ. ಒಳಗಿನ ಡಯಾಫ್ರಂ ಹಪ್ಪಳದ ಹಾಗೆ ಸೆಟೆದಿತ್ತು. ಅದು ಮೆತ್ತಗಿದ್ದು ಮೇಲೆ ಕೆಳಗೆ ಆಡಿದರೆ ಮಾತ್ರ ಪೆಟ್ರೋಲ್ ಬರುವುದು. ಕಿಟ್ ಹಾಕಿಸಿದೆ, ಟ್ಯಾಂಕಿನ ಫಿಲ್ಟರ್ ಕೂಡ ಹೊಸದು.

ಅಂಗಡಿಯಲ್ಲಿ ಇನ್ನೊಬ್ಬರ ಫೋರ್ ಸ್ಟ್ರೋಕ್ ಮಷಿನ್ ಬಿಳಿ ಹೊಗೆ ಉಗುಳುತ್ತಿತ್ತು. ಅದಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವಂತಿಲ್ಲ, ಬೇರೆಯೇ ಹಾಕಬೇಕು. 100 ಮಿ.ಲೀ. ಹಿಡಿಯುವಲ್ಲಿ ಅಂದಾಜಿಗೆ ಸುರಿದಿದ್ದರು. ಏರ್ ಫಿಲ್ಟರ್ ತನಕ ಆಯಿಲ್. ನಮ್ಮ ಕಡೆ ಟೂ ಸ್ಟ್ರೋಕಿಗೂ 'ಒಂದು ಮುಚ್ಚಳ' ಅನ್ನುವುದೇ ಲೆಕ್ಕ. ಯಾವ ಬಾಟಲಿಯ ಮುಚ್ಚಳ ಅಂತ ಯಾರೂ ಕೇಳುವುದಿಲ್ಲ! ಭಾವನ ಮಷಿನ್ನಿನ ಪುಸ್ತಕದಲ್ಲಿರುವುದು 1:50, ಅಂದರೆ ಲೀಟರಿಗೆ 20 ಮಿ.ಲೀ. ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ ಸೈಲೆನ್ಸರ್ ಮಸಿ ಕಟ್ಟುತ್ತೆ. ಕಡಿಮೆಯಾದರೆ ಎಂಜಿನ್ನೇ ಹೋಯಿತು.

21, ಗುರುವಾರ

ಹೊಸ ಪೆಟ್ರೋಲ್, ಅಳೆದ ಆಯಿಲ್. ಮಷಿನ್ ಮಧ್ಯಾಹ್ನದವರೆಗೂ ತಕರಾರಿಲ್ಲದೆ ಓಡಿತು, ಬಸದಿ ಕಡೆಯ ತೋಟ ಮುಗಿಯಿತು. ಸಂಜೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ವಾಪಸ್ ಕಳಿಸಿದೆ. "ಆಯಾ ದಿನಕ್ಕೆ ಬೇಕಾದಷ್ಟೇ ಕಲಸಿ ಭಾವ" ಅಂತಲೂ ಹೇಳಿ ಕಳಿಸಿದ್ದೇನೆ. ಕಿಟ್ಟಿನ ದುಡ್ಡು ನನ್ನದಿರಲಿ, ಕೊಟ್ಟಿಗೆಯ ಹಂಚು ಅವರೇ ಹೊದೆಸಿಕೊಳ್ಳಬೇಕು.